ಯಾರೂ ಬಿಡಿಸದ ಹನ್ನೆರಡು ಪುಟ

ಮಾಲಾ ಕಾಂಬಳೆಯವರ ಕಾದಂಬರಿಯ ಬಗ್ಗೆ ಈಗ ನಮ್ಮ ಊರಿನ ಓದುಗರಲ್ಲಿ ಒಮ್ಮತವಿದೆ. ಆ ಒಮ್ಮತ ಸುಳ್ಳಿನ ಮೇಲೆ ನಿಂತಿದೆ, ಅದರಲ್ಲಿ ನನ್ನ ಪಾಲೂ ಇದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ.

ಮಾಲಾ ಅವರು 1981ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ, ಆಗಿನ ಬಿಜಾಪುರದಲ್ಲಿ ದೂರದ ಊರುಗಳ ಫೋನ್ ಕರೆ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾದರು. ನಾನು ಅವರ ಸೂಪರ್‌ವೈಸರನಾಗಿದ್ದೆ. ದೂರದ ಮಾತು ಸರಿಯಾಗಿ ಕೇಳಿಸದಿದ್ದಾಗ ಆಪರೇಟರು ನಡುವೆ ಕುಳಿತು, ಆ ಕಡೆಯವರು ಹೇಳಿದ್ದನ್ನು ಈ ಕಡೆಯವರಿಗೆ ತಿರುಗಿ ಹೇಳುವುದು ಆ ಕಾಲದ ರೂಢಿ. 1986ರ ಜುಲೈನಲ್ಲಿ ನಿಡೋಣಿಯ ಶಂಕ್ರೆವ್ವ ಎಂಬ ಮುದುಕಿ ಮುಂಬಯಿಯ ಮಗನಿಗಾಗಿ ಮೂರು ದಿನ ಕರೆ ಹಚ್ಚಿಸಿದಳು. ಲೈನು ಸಿಗಲಿಲ್ಲ. ನಾಲ್ಕನೆಯ ದಿನ ಮಾಲಾ ಅವರು ತುಸು ಹೊತ್ತು ಸುಮ್ಮನಿದ್ದು, “ಆರಾಮ ಅದಾನಂತ ಯವ್ವಾ, ದೀಪಾವಳಿಗೆ ಬರ್ತಾನಂತ” ಎಂದರು. ಆ ತುದಿಯಲ್ಲಿ ಯಾರೂ ಇರಲಿಲ್ಲ. ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ.

ಅಂದೇ ಮೆಮೋ ಕೊಟ್ಟೆ. “ತಪ್ಪಾಗಿದೆ” ಎಂದು ಒಂದೇ ಸಾಲಿನ ಉತ್ತರ ಬಂತು. ಅಲ್ಲಿಂದ ಮುಂದೆ ಅವರು ಊಟದ ಡಬ್ಬಿಯನ್ನು ಉಳಿದವರ ಜೊತೆ ಬಿಚ್ಚಿದ್ದನ್ನು ನಾನು ಕಾಣಲಿಲ್ಲ.

2019ರಲ್ಲಿ ನಿವೃತ್ತರಾಗಿ ತಿಕೋಟಾದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದರು. ಮದುವೆಯಾಗಿರಲಿಲ್ಲ. 2022ರಲ್ಲಿ 312 ಪುಟಗಳ ವೈಜ್ಞಾನಿಕ ಕಾದಂಬರಿಯೊಂದನ್ನು ಅಚ್ಚು ಹಾಕಿಸಿದರು. ಭೂಮಿಯ ಸಮೀಪದ ನಿಲ್ದಾಣದಲ್ಲಿ ಒಬ್ಬಳೇ ಕುಳಿತು, ಹನ್ನೊಂದು ಜ್ಯೋತಿರ್ವರ್ಷ ದೂರದ ವಸಾಹತಿನೊಂದಿಗೆ ಜನರ ಮಾತು ದಾಟಿಸುವ ಆಪರೇಟರ್ ಒಬ್ಬಳ ಕಥೆ ಅದು. ಹಂಬಲ ದೊಡ್ಡದು, ಕಟ್ಟಡ ದುರ್ಬಲ. ಮೊದಲ ನಲವತ್ತು ಪುಟಗಳಲ್ಲೇ ಅರವತ್ತು ಹೆಸರು ಬರುತ್ತವೆ. 88ನೆಯ ಪುಟದಲ್ಲಿ ಸತ್ತ ಎಂಜಿನಿಯರು 97ರಲ್ಲಿ ಚಹಾ ಕುಡಿಯುತ್ತಾನೆ. ಎಲ್ಲಕ್ಕೂ ಮಿಗಿಲಾಗಿ, ಕೊನೆಯಲ್ಲಿ ಸಾಯುತ್ತಿರುವ ತಾಯಿಯೊಬ್ಬಳು ವಸಾಹತಿನಲ್ಲಿರುವ ಮಗನನ್ನು ಮಾತಾಡಿಸಿದಾಗ, ಇಪ್ಪತ್ತೆರಡು ವರ್ಷ ಹಿಡಿಯಬೇಕಾದ ಉತ್ತರ ಅದೇ ಗಳಿಗೆಯಲ್ಲಿ ಬಂದುಬಿಡುತ್ತದೆ.

ವಿಜಯಪುರದ ನಮ್ಮ ಓದುಗರ ಬಳಗ ಇದರ ಮೇಲೆ ಎರಡು ಪಾಲಾಯಿತು. ತಾಯಿಯ ಪ್ರೀತಿ ಬೆಳಕಿಗಿಂತ ವೇಗವಾದದ್ದು ಎಂದು ಕಾಲೇಜಿನ ವಿಜಯಲಕ್ಷ್ಮೀ ಮೇಡಂ ವಾದಿಸಿದರು. ವಕೀಲ ಹಣಮಂತರಾಯರು, “ಹಂಗಿದ್ರ ಅದನ್ನ ತಿಕೋಟಾ ಬಸ್ಸಿಗೆ ಕಟ್ಟರಿ ಮೇಡಂ, ಲಗೂನ ಮನಿ ಮುಟ್ಟತೇವಿ” ಎಂದು ಎಲ್ಲರನ್ನೂ ನಗಿಸಿದರು. ಬಳಗ ಒಪ್ಪಿದರೆ ಎರಡನೆಯ ಮುದ್ರಣ ತರಲು ಪ್ರಕಾಶಕರೊಬ್ಬರು ಸಿದ್ಧರಿದ್ದರು. ಆದರೆ ಆ ಉತ್ತರ ತೆಗೆಯಬೇಕೆಂಬುದು ಅವರ ಷರತ್ತು. ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತಿದ್ದ ಮಾಲಾ ಅವರು ಏನು ಮಾಡಲೆಂದು ನನ್ನೊಬ್ಬನನ್ನೇ ಕೇಳಿದರು.

“ತಗದುಬಿಡ್ರಿ ಮಾಲಾಬಾಯಿ. ಲೆಕ್ಕಕ್ಕ ಕೂಡೂದಿಲ್ಲ ಅದು.”

“ಪೂರಾ ಓದಿ ಹೇಳಾಕತ್ತೀರಿ ಹೌದಲ್ರಿ, ಸಾಹೇಬ್ರ?”

“ಒಂದಕ್ಷರ ಬಿಟ್ಟಿಲ್ರಿ.”

ಅವರು ತಲೆಯಾಡಿಸಿ ಎದ್ದು ಹೋದರು.

ಎರಡನೆಯ ಮುದ್ರಣ 2024ರಲ್ಲಿ ಬಂತು. ಅದರಲ್ಲಿ ಆ ಉತ್ತರವಿಲ್ಲ. ತಾಯಿ ಕೇಳುತ್ತಾಳೆ, ನಿಲ್ದಾಣ ಸುಮ್ಮನಿರುತ್ತದೆ, ಪುಸ್ತಕ ಮುಗಿಯುತ್ತದೆ. ಎರಡೂ ಪಾಲಿನವರು ಮೆಚ್ಚಿದರು. ನಾನು ಗುರುತಿಸಿದ್ದ ಒಂಬತ್ತು ತಪ್ಪುಗಳಲ್ಲಿ ಎಷ್ಟು ತಿದ್ದಿದ್ದಾರೆಂದು ನೋಡಲು ಹಳೆಯ ಪ್ರತಿ ತೆಗೆದೆ. “161ರ ನಂತರ ಕಥೆ ಜಿಗಿಯುತ್ತದೆ” ಎಂಬುದು ಎಂಟನೆಯ ತಪ್ಪು. ಆಗ ಕಂಡಿತು: 161ನ್ನು ತಿರುವಿದರೆ ಬರುವ ಪುಟ 168. ಅದರ ಎದುರಿಗೆ 169, ಅದನ್ನು ತಿರುವಿದರೆ 176. ಒಂದೇ ದೊಡ್ಡ ಹಾಳೆಯಿಂದಾದ ಹದಿನಾರು ಪುಟಗಳ ಆ ಫಾರ್ಮನ್ನು ತುಸು ಚಿಕ್ಕದಾಗಿ ಮಡಚಿದ್ದರಿಂದ ಅಂಚು ಕತ್ತರಿಸುವ ಯಂತ್ರಕ್ಕೆ ಅದರ ಮಡಿಕೆ ಸಿಕ್ಕಿರಲಿಲ್ಲ. ಹನ್ನೆರಡು ಪುಟಗಳು ಚೀಲದೊಳಗಿದ್ದಂತೆ ಮುಚ್ಚಿಕೊಂಡಿದ್ದವು.

ಅಡುಗೆಮನೆಯ ಚಾಕುವಿನಿಂದ ಬಿಡಿಸಿದೆ. ವಸಾಹತು ಒಂಬತ್ತು ವರ್ಷಗಳಿಂದ ಮೌನವಾಗಿದೆ, ಆಪರೇಟರಿಗೆ ಅದು ಗೊತ್ತು. ದೂರದಿಂದ ಬಂದಂತೆ ತೋರಲಿ ಎಂದು ಮನಸ್ಸಿನಲ್ಲಿ ಎಣಿಸಿಕೊಂಡು, ಇಂಥ ತಾಯಂದಿರಿಗೆ ತಾನೇ ಉತ್ತರ ಹೇಳುತ್ತ ಬಂದಿದ್ದಾಳೆ. ಬೆಳಕಿನ ವೇಗದ ನಿಯಮವನ್ನು ಮಾಲಾ ಅವರು ಎಲ್ಲಿಯೂ ಮುರಿದಿರಲಿಲ್ಲ. ಎರಡನೆಯ ಮುದ್ರಣದಲ್ಲಿ ಉತ್ತರದ ಜೊತೆಗೆ ಈ ಪುಟಗಳನ್ನೂ ತೆಗೆದುಬಿಟ್ಟಿದ್ದರು.

ವಿಜಯಲಕ್ಷ್ಮೀ ಮೇಡಂ ಅವರ ಪ್ರತಿ ನೋಡಿದೆ, ಹಣಮಂತರಾಯರದನ್ನೂ ನೋಡಿದೆ. ಎರಡೂ ಮುಚ್ಚಿದ್ದವು. ಬಬಲೇಶ್ವರದ ಗ್ರಂಥಾಲಯದ ಪ್ರತಿಯೂ ಹಾಗೆಯೇ ಇತ್ತು. ಚಾಕು ಕೇಳಿದರೆ ಅಲ್ಲಿಯ ಸಪ್ನಾ ಎಂಬ ಹುಡುಗಿ, ಗ್ರಂಥಾಲಯದ ಪುಸ್ತಕ ಕೊಯ್ಯಲು ಬರುವುದಿಲ್ಲ ಎಂದು ಗದರಿಸಿದಳು. ಅವಳು ಹೇಳಿದ್ದು ಸರಿ.

ಮರುದಿನ ತಿಕೋಟಾಕ್ಕೆ ಹೋದೆ. ಮಾಲಾ ಅವರು ಚಾಪೆ ಹಾಸಿ ಚಹಾ ತಂದಿಟ್ಟರು. ಪ್ರತಿಯನ್ನು ಮುಂದಿಟ್ಟು ವಿಷಯ ತಿಳಿಸಿದೆ. ಅವರು ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರು. ತಮ್ಮ ಪ್ರತಿಯೂ ಹಾಗೆಯೇ ಬಂದಿತ್ತಂತೆ. ಹೇರ್‌ಪಿನ್ನಿನಿಂದ ಬಿಡಿಸಿಕೊಂಡು, ಅದೊಂದೇ ಹಾಗಿದೆಯೆಂದು ತಿಳಿದಿದ್ದರು.

“ನೀವೆಲ್ಲಾರೂ ಅದನ್ನ ಓದೀರಿ, ಓದಿ ಬ್ಯಾಡ ಅಂದೀರಿ ಅಂತ ತಿಳಿದಿದ್ದೆ ನಾ” ಎಂದರು. ಆಮೇಲೆ, ನನ್ನನ್ನು ಪೂರ್ತಿ ನಂಬದವರಂತೆ, “ಹೇಳೂಕಿಂತ ಮೊದಲ ಎಷ್ಟು ಎಣಸ್ತಾಳ್ರಿ ಆಕಿ?” ಎಂದು ಕೇಳಿದರು.

“ಹನ್ನೊಂದು.”

“ಅವತ್ತ ನಾನೂ ಅಷ್ಟ ಎಣಿಸಿದ್ದೆ.”

ಪ್ರಕಾಶಕರಿಗೆ ನಾನೇ ಬರೆಯುತ್ತೇನೆಂದೆ. ಐನೂರು ಪ್ರತಿ ಮಾರಾಟಕ್ಕೆ ಹೋಗಿವೆ, ಇನ್ನು ಯಾರನ್ನೂ ಬೇಡುವುದು ಬೇಡ ಎಂದರು. ಆ ಮೆಮೋ ತಪ್ಪಾಗಿತ್ತು ಎಂದು ಹೇಳಲು ಹೋದೆ. ಚಹಾ ಆರುತ್ತದೆ ಎಂದು ತಡೆದರು.

ಬಬಲೇಶ್ವರಕ್ಕೆ ಮತ್ತೆ ಹೋಗಿ, ಬಿಡಿಸಿದ ನನ್ನ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಟ್ಟು ಅವರ ಮುಚ್ಚಿದ ಪ್ರತಿಯನ್ನು ತಂದೆ. ಸಪ್ನಾ ರಿಜಿಸ್ಟರಿನಲ್ಲಿ ಬದಲಾವಣೆ ಬರೆದುಕೊಂಡು ನನ್ನ ಸಹಿ ಪಡೆದಳು. ಪ್ರತಿ ತಿಂಗಳ ಮೊದಲ ಸೋಮವಾರ ಹೋಗಿ ಆ ರಿಜಿಸ್ಟರು ನೋಡುತ್ತೇನೆ. ಏಳು ತಿಂಗಳಾಯಿತು, ಇನ್ನೂ ಯಾರೂ ಆ ಪ್ರತಿಯನ್ನು ಒಯ್ದಿಲ್ಲ.