ಅಡ್ಜಸ್ಟ್ ಮಾಡ್ಕಳಿ

ನಿನ್ನೆ ಹಾಸನದ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು, "ಆಂಟಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಳು. ಆಂಟಿ ಎಂದದ್ದಕ್ಕೆ ಮುಖ ಗಂಟಿಕ್ಕಿಕೊಂಡೇ ಸರಿದು ಕೂತೆ. ಇಂಗ್ಲಿಷ್ ಪಾಠ ಹೇಳಿದವಳ ಚಟ ನೋಡಿ, ಮನೆಗೆ ಬಂದವಳೇ ನಿಘಂಟು ತೆರೆದೆ. ಆ ಪದದ ಬೇರು ಲ್ಯಾಟಿನ್ನಿನಲ್ಲಿದೆಯಂತೆ. ಮೊದಲ ಅರ್ಥ 'ಹತ್ತಿರಕ್ಕೆ ತರುವುದು'. ಅಯ್ಯೋ ಶಿವನೆ, ಇಷ್ಟು ವರ್ಷ ಮಕ್ಕಳಿಗೆ ಬರೀ 'ಹೊಂದಿಸು' ಎಂದು ಬರೆಸಿದೆನಲ್ಲ! ಮೂವರ ಸೀಟಿನಲ್ಲಿ ನಾಲ್ವರು ಕೂರುವ ನಮ್ಮ ಕಡೆ ಆ ಹಳೇ ಅರ್ಥ ಇನ್ನೂ ಸವೆದಿಲ್ಲ, ನೋಡಿ.

ನನಗೆ ಅಮ್ಮ, ದೊಡ್ಡಮ್ಮ ನೆನಪಾದರು. ದೊಡ್ಡಮ್ಮ ಅರಕಲಗೂಡಿನವರು, ಮಗನ ಮದುವೆಯಲ್ಲಿ ಕಳಸ ಹಿಡಿಯಲು ಒಡಹುಟ್ಟಿದ ತಂಗಿಯನ್ನು ಬಿಟ್ಟು ನಾದಿನಿಯನ್ನು ಕರೆದರು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮನೆಬಾಗಿಲಿಗೆ ಹೋಗಿ ಕುಂಕುಮ ಕೊಟ್ಟು ಕರೆಯದಿದ್ದರೆ ಕರೆದಂತಲ್ಲ. ಅಕ್ಕನಿಲ್ಲದ ಮದುವೆಯನ್ನು ನೆನೆದು ಅಮ್ಮ ಒಲೆ ಮುಂದೆ ಅಳುತ್ತಿದ್ದಳು. ಹೋಗಿ ಕರೆಯೆಂದರೆ, "ನಾನ್ಯಾಕೆ ಓಗ್ಲಿ?" ಎಂದು ಸೌಟು ಕುಕ್ಕುತ್ತಿದ್ದಳು.

ಮದುವೆಗೆ ತೆಂಗಿನಕಾಯಿ ನೋಡಲು ನಾವಿಬ್ಬರೂ ಹೊಳೆನರಸೀಪುರದಲ್ಲಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ಕಾಲಿಡಲು ಜಾಗವಿಲ್ಲ. ನೋಡಿದರೆ, ಬೀಗರ ಮನೆಗೆ ಹೊರಟ ದೊಡ್ಡಮ್ಮ ಮೂವರ ಸೀಟಿನ ತುದಿಯಲ್ಲಿ! ಅಮ್ಮ ಮುಖ ತಿರುಗಿಸಿ ಕಂಬ ಹಿಡಿದಳು. ಏನೂ ಅರಿಯದ ಕಂಡಕ್ಟರು, "ಅಮ್ಮಾರೇ, ವಸಿ ಅಡ್ಜಸ್ಟ್ ಮಾಡ್ಕಳಿ. ಒಳ್ಳೆ ಅಕ್ಕತಂಗೀರಂಗೆ ಇದೀರಿ!" ಎಂದ. ಅಮ್ಮ ಕೂತಳು. ಮೊಣಕೈಗೆ ಮೊಣಕೈ ತಾಗುತ್ತಿತ್ತು, ಮಾತು ಮಾತ್ರ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

ತುಸು ದೂರ ಹೋದಮೇಲೆ ದೊಡ್ಡಮ್ಮ ಚೀಲದಿಂದ ನಿಂಬೆಹಣ್ಣು ತೆಗೆದು, "ಮೂಸು. ನಿಂಗೆ ಬಸ್ಸು ಆಗಾಕಿಲ್ವಲ್ಲ" ಎಂದರು.

ಅಮ್ಮನ ಕಣ್ಣು ತುಂಬಿತು. "ಅಕ್ಕ, ಮಗೀದು ಮದ್ವೆ. ಬಾ."

"ಬಸ್ನಾಗೆ ಕರದ್ರೆ ಬರಾಕೆ ನಾನೇನು ದಾರೀಲಿ ಸಿಕ್ಕಿದವಳಾ? ಬಾಗ್ಲಿಗೆ ಬಂದು ಕರಿ."

"ಅಂಗಾದ್ರೆ ಇಳಿ, ಓಗಾನ!"

ಇಳಿದೇಬಿಟ್ಟರು! ಎದುರಿಗೆ ಬಂದ ಅರಕಲಗೂಡಿನ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿದೆವು. ತೆಂಗಿನಕಾಯಿಯೂ ಆಗಲಿಲ್ಲ, ಬೀಗರ ಮನೆಯೂ ಆಗಲಿಲ್ಲ. ದೊಡ್ಡಮ್ಮ ಬೀಗ ತೆಗೆದು ಒಳಗೆ ಹೋಗಿ, ಸೆರಗು ಸರಿಮಾಡಿಕೊಂಡು ಹೊಸ್ತಿಲ ಬಳಿ ನಿಂತು, "ಊಂ, ಈಗ ಕರಿ" ಎಂದರು. ಕುಂಕುಮಕ್ಕೆ ಅವರದೇ ಭರಣಿ. ಇಬ್ಬರೂ ಅತ್ತರು, ನಾನೂ ಅತ್ತೆ. ನನ್ನ ಮದುವೆಯಲ್ಲಿ ದೊಡ್ಡಮ್ಮನದೇ ದರ್ಬಾರು.

ನಿಘಂಟಿನ ಸಂಗತಿ ಹೇಳೋಣವೆಂದು ಈಗ ಅಮ್ಮನಿಗೆ ಫೋನ್ ಮಾಡಿದೆ. "ಕಂಡಕ್ಟರ್ ಒಂದು ಮಾತಿಂದ ನಿಮ್ಮಿಬ್ಬರನ್ನು ಹತ್ತಿರ ತಂದ, ಅಲ್ವೇನಮ್ಮಾ?" ಎಂದೆ.



"ಓಗೆ! ಅವ್ನು ಬಾಯಿ ಬುಡಾಕೆ ಮುಂಚೇನೆ ಅಕ್ಕ ಸರ್ಕಂಡು ಜಾಗ ಮಾಡಿದ್ಲು ಕಣೆ. ನಾನೇ ಕಂಡೂ ಕಾಣ್ದಂಗೆ ನಿಂತಿದ್ದೆ."