ಮುಚ್ಚಳದ ಪೆಟ್ಟಿಗೆಯ ತಳದ ಬಿಲ್ಲೆ

ನನ್ನ ಗಂಡ ಆರ್ವಿಲ್‌ಗೆ ಹುಚ್ಚು. ಊರವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಓಹಾಯೋದ ನಮ್ಮ ಕಡೆ ಹಿಂದೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಹ್ಯಾಚರಿಯವರು, ಕೋಳಿ ಮೇವಿನ ಅಂಗಡಿಯವರು ಗಿರಾಕಿಗಳಿಗೆ ಅಂಗಿಗೆ ಚುಚ್ಚಿಕೊಳ್ಳುವ ತಗಡಿನ ಬಿಲ್ಲೆ ಹಂಚುತ್ತಿದ್ದರು. ನಡುವೆ ಒಂದು ಹುಂಜ, ಸುತ್ತ ಅಂಗಡಿಯ ಹೆಸರು. ಅವನ್ನು ಕೂಡಿಡುವುದೇ ಇವನಿಗೆ ಕೆಲಸ. ಶಾಲೆಯ ಬಸ್ಸು ಓಡಿಸಿ ಬಂದವನು ಮೊದಲು ಅವುಗಳ ಮುಖ ನೋಡುತ್ತಾನೆ, ಆಮೇಲೆ ನನ್ನದು.

ಬೇಕಾದದ್ದು ಮಾತ್ರ ಸಿಕ್ಕಿರಲಿಲ್ಲ. ಮೇಪಲ್ ರನ್ ಹ್ಯಾಚರಿಯ ಬಿಲ್ಲೆ. ಅದರ ಮೇಲಿನ ಕೋಳಿಮರಿಯ ಚಿತ್ರ ಬರೆದವಳು ಅಲ್ಲಿ ಮೊಟ್ಟೆ ಆರಿಸುತ್ತಿದ್ದ ಅವನ ಅಮ್ಮ. ಇವನು ಚಿಕ್ಕವನಿದ್ದಾಗಲೇ ತೀರಿಕೊಂಡಳು. ಅವಳ ಕೈಯಿಂದ ಆದದ್ದು ಬೇರೇನೂ ಉಳಿದಿಲ್ಲ. ಇದನ್ನು ನನ್ನ ಬಿಟ್ಟು ಯಾರಿಗೂ ಹೇಳಿದವನಲ್ಲ.

ಕಳೆದ ಶನಿವಾರ ಹಳೆಯ ಕೋಳಿ ಫಾರಮ್ಮೊಂದರ ಸಾಮಾನು ಹರಾಜಿಗೆ ಬಂತು. ಕೂಗು ಶುರುವಾಗುವ ಮುಂಚೆ ಎಲ್ಲರೂ ಪೆಟ್ಟಿಗೆ ಕೆದಕುತ್ತಿದ್ದೆವು. ಆರ್ವಿಲ್ ನನ್ನ ತೋಳು ಹಿಡಿದು ಜಗ್ಗಿದ.

"ಸಿಕ್ತು ಕಣೇ ಲೋರೀನ್! ಅಮ್ಮನ ಮರಿ!"

"ಕಿರುಚಬೇಡ ಮಾರಾಯ, ಮರ್ವಿನ್ ಅಲ್ಲೇ ಇದಾನೆ."

ಮರ್ವಿನ್ ಹೋಕ್ ಕೂಡ ಬಿಲ್ಲೆ ಹುಚ್ಚ. ಇವನು ಕೈ ಎತ್ತಿದರೆ ಸಾಕು, ಅವನೂ ಎತ್ತುತ್ತಾನೆ. ಅದಕ್ಕೇ ಆರ್ವಿಲ್ ಹರಾಜಿಗೆ ಹೋಗುವವರೆಲ್ಲ ಹೂಡುವ ಉಪಾಯವನ್ನೇ ಹೂಡಿದ. ಯಾರಿಗೂ ಬೇಡದ, ಇಡಿಯಾಗಿ ಹರಾಜಾಗುವ ಸೀಸೆ ಮುಚ್ಚಳಗಳ ಪೆಟ್ಟಿಗೆಯ ತಳಕ್ಕೆ ಬಿಲ್ಲೆಯನ್ನು ತುರುಕಿ, ಏನೂ ಅರಿಯದವನ ಹಾಗೆ ಅಲ್ಲೇ ಮಾರುತ್ತಿದ್ದ ಹಣ್ಣಿನ ಪೈ ತಿನ್ನಲು ಹೋದ.

ಪೆಟ್ಟಿಗೆ ಕೂಗಿಗೆ ಬಂತು. ಆರ್ವಿಲ್ ಕೈ ಎತ್ತಿದ. ಹಿಂದಿನಿಂದ ನೀಲಿ ಸ್ಕಾರ್ಫಿನ ಹೆಂಗಸೊಬ್ಬಳೂ ಎತ್ತಿದಳು. ಅವಳಿಗೆ ನಿಜಕ್ಕೂ ಮುಚ್ಚಳವೇ ಬೇಕಿತ್ತು! ಇವನು ಏರಿಸಿದ, ಅವಳೂ ಏರಿಸಿದಳು.

"ಏನ್ ಆರ್ವಿಲ್, ಉಪ್ಪಿನಕಾಯಿ ಹಾಕೋಕೆ ಹೊರಟ್ಯಾ?" ಎಂದು ಹರಾಜು ಕೂಗುವವನು ಛೇಡಿಸಿದ. ಜನ ಘೊಳ್ಳೆಂದು ನಕ್ಕರು.

ಆರ್ವಿಲ್ ಎದ್ದು ನಿಂತುಬಿಟ್ಟ. "ತಾಯಿ, ಮುಚ್ಚಳ ಎಲ್ಲಾ ನೀವೇ ಇಟ್ಕೊಳ್ಳಿ. ತಳದಲ್ಲಿ ಒಂದು ಬಿಲ್ಲೆ ಇದೆ. ಅದರ ಚಿತ್ರ ನಮ್ಮಮ್ಮ ಬರೆದದ್ದು. ಅವಳದ್ದು ಅಂತ ನನ್ನ ಹತ್ರ ಬೇರೇನೂ ಇಲ್ಲ."

ಅವಳು ಮೆಲ್ಲಗೆ ಕೈ ಇಳಿಸಿದಳು. ಗೆದ್ದೆವು! ಆರ್ವಿಲ್ ಓಡಿಹೋಗಿ ಪೆಟ್ಟಿಗೆಯನ್ನು ಹುಲ್ಲಿನ ಮೇಲೆ ಬೋರಲು ಹಾಕಿದ. ಮುಚ್ಚಳ, ಮುಚ್ಚಳ, ಬರೀ ಮುಚ್ಚಳ. ಬಿಲ್ಲೆ ಇರಲಿಲ್ಲ. ಮಂಡಿಯೂರಿ ಕೂತವನನ್ನು ನೋಡಿ ನನಗೆ ಅಳು ಬಂತು.

ಮರ್ವಿನ್ ಹತ್ತಿರ ಬಂದ. ಬಗಲಲ್ಲಿ ಆಗಲೇ ಹರಾಜಿನಲ್ಲಿ ಹಿಡಿದಿದ್ದ ತುಕ್ಕು ಮೊಳೆಗಳ ಡಬ್ಬಿ.

"ಹುಡುಕಬೇಡ. ನೀನು ಪೈ ತಿನ್ನೋಕೆ ಹೋದಾಗ ನಾನೇ ಅದನ್ನ ಈ ಡಬ್ಬಿಯೊಳಕ್ಕೆ ಸಾಗಿಸಿದೆ."

"ಕೋಳಿಕಳ್ಳ!" ಎಂದೆ ನಾನು.

"ಹೌದು ಲೋರೀನ್, ಬೈಯಿ." ಅವನು ಮೊಳೆಗಳ ನಡುವಿನಿಂದ ಬಿಲ್ಲೆ ತೆಗೆದು, ಅಂಗಿಗೆ ಒರೆಸಿ, ಆರ್ವಿಲ್‌ನ ಅಂಗೈಯಲ್ಲಿಟ್ಟ. "ನಿಮ್ಮಮ್ಮಂದು ಅಂತ ಮೊದಲೇ ಬಾಯಿ ಬಿಡೋಕೆ ಏನಾಗಿತ್ತೋ ಪೆದ್ದ?"

ಮನೆಗೆ ಬಂದು ಬಿಲ್ಲೆಗಳನ್ನಿಡುವ ಗಾಜಿನ ಪೆಟ್ಟಿಗೆಯಲ್ಲಿ ನಾನು ಜಾಗ ಮಾಡಿಕೊಟ್ಟೆ. ಆರ್ವಿಲ್ ಅದನ್ನು ಕೊಡಲೇ ಇಲ್ಲ. ಸೋಮವಾರ ಅದನ್ನೇ ಎದೆಗೆ ಚುಚ್ಚಿಕೊಂಡು ಹೋದ. ಬಸ್ಸು ಹತ್ತಿದ ಒಂದೊಂದು ಮಗುವನ್ನೂ ನಿಲ್ಲಿಸಿ, "ನೋಡು, ಇದು ನಮ್ಮಮ್ಮ ಬರೆದದ್ದು" ಅಂದನಂತೆ. ಅವತ್ತು ಶಾಲೆಗೆ ಬಸ್ಸು ತಡವಾಯಿತು.