ಎಕ್ಸ್‌ಚೇಂಜಕ್ಕ ಕೊಟ್ಟ ತಪ್ಪು ರಿಪೋರ್ಟು

ಹವ್ಯಾಸಕ್ಕೆಂದು ರೇಡಿಯೋದಲ್ಲಿ ದೂರದೂರದವರನ್ನು ಮಾತಾಡಿಸುವ ಹ್ಯಾಮ್ ರೇಡಿಯೋ ಕ್ಲಬ್ಬಿನಲ್ಲಿ ಸೋಲಿಗೆ ಯಾವಾಗಲೂ ಒಬ್ಬನೇ ಹೊಣೆ: ಸೂರ್ಯ. ಸೂರ್ಯ ಸಿಡಿಮಿಡಿಗೊಂಡ, ಆಕಾಶದ ಪದರ ಕೆಟ್ಟಿತು, ನಮ್ಮ ದನಿ ಅತ್ತ ಮುಟ್ಟದೆ ಇತ್ತ ಬಾರದೆ ನಡುದಾರಿಯಲ್ಲೇ ಕಳೆದುಹೋಯಿತು ಎಂದು ಬರೆದು ಸಹಿ ಹಾಕಿದರೆ ಪರಾಮರ್ಶೆ ಸಭೆ ಮುಗಿದಂತೆ. ಸೂರ್ಯ ಬಂದು ತಕರಾರು ತೆಗೆಯುವುದಿಲ್ಲ. ಕ್ಲಬ್ಬಿನ ಸದಸ್ಯನೂ ಅಲ್ಲ.

ಈ ವರ್ಷ ಮಾತ್ರ ಅಧ್ಯಕ್ಷರು ಸೂರ್ಯನನ್ನು ಬಿಟ್ಟುಬಿಡುವುದೆಂದು ತೀರ್ಮಾನಿಸಿಯೇ ಬಂದಿದ್ದರು. ಅಧ್ಯಕ್ಷರೆಂದರೆ ಹಲ್ಲಿನ ಡಾಕ್ಟರು. ಹೋದ ವರ್ಷ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಕ್ಲಬ್ಬು ಈ ಸಲ ಏಳಕ್ಕೆ ಜಾರಿತ್ತು. ಹೊಳೆಯಾಚೆಯ ಕ್ಲಬ್ಬಿನವರು ಫೋನ್ ಮಾಡಿ, "ಎಲ್ಲಾ ಆರೋಗ್ಯ ತಾನೇ?" ಎಂದು ಬಹಳ ಕಾಳಜಿಯಿಂದ ವಿಚಾರಿಸಿದ್ದರು. ಆ ಕಾಳಜಿ ಡಾಕ್ಟರಿಗೆ ಮುಳ್ಳಿನಂತೆ ಚುಚ್ಚಿತ್ತು.

ಸಭೆ ಸೇರಿದ್ದು ಭಾನುವಾರ ಮಧ್ಯಾಹ್ನ, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ರಬ್ಬರಿನ ವಾಸನೆ, ಟಕ್ ಟಕ್ ಎನ್ನುವ ಫ್ಯಾನು, ಕಿಟಕಿಯಿಂದ ತಾರಸಿಗೆ ಹತ್ತುವ ಕಪ್ಪು ವೈರುಗಳು, ಮೇಜಿನ ಮೇಲೆ ರೇಡಿಯೋ. ಮೂರು ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಒಂದೇ ಒಂದು ಒಳ್ಳೆಯ ಕುರ್ಚಿ. ತಿರುಗುತ್ತದೆ, ಏರುತ್ತದೆ, ಇಳಿಯುತ್ತದೆ. ಅದು ಡಾಕ್ಟರು ತಮ್ಮ ಹಳೆಯ ಕ್ಲಿನಿಕ್ಕಿನಿಂದ ಕ್ಲಬ್ಬಿಗೆ ಕೊಟ್ಟದ್ದು. ಕೊಟ್ಟು ಎಷ್ಟೋ ವರ್ಷವಾದರೂ ಯಾರಾದರೂ ಮರೆತುಬಿಟ್ಟಾರೆಂದು ಆಗಾಗ ನೆನಪಿಸುತ್ತಿದ್ದರು. ಸ್ಪರ್ಧೆಯ ದಿನ ಸಂಜೆಯ ಹೊತ್ತು, ಅಂದರೆ ಪ್ರಪಂಚದ ಅರ್ಧ ಭಾಗ ಕಿವಿಗೆ ಬೀಳುವ ಹೊತ್ತು, ಆ ಕುರ್ಚಿ ಎಕ್ಸ್‌ಚೇಂಜಕ್ಕನದು. ಇಂದು ಅದರಲ್ಲಿ ಡಾಕ್ಟರೇ ಕುಳಿತಿದ್ದರು. ಮುಂದಿನ ವರ್ಷದ ಸಂಜೆಗೂ ತಾವೇ ಕೂರುವ ಆಸೆ ಅವರಿಗಿತ್ತು. ಎಕ್ಸ್‌ಚೇಂಜಕ್ಕ ಅದನ್ನು ಬಾಗಿಲಲ್ಲೇ ನೋಡಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡಳು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷದ ಮೇಲೆ ದುಡಿದವಳು. ಕರೆ ಬಂದಾಗ ಕೇಳಬೇಕು, ಜೋಡಿಸಬೇಕು, ಕೈ ತೆಗೆಯಬೇಕು, ಅಷ್ಟೇ ಕೆಲಸ. ಹುಟ್ಟು, ಸಾವು, ಜಗಳ ಎಲ್ಲ ಅವಳ ಬೆರಳ ಕೆಳಗೆ ಹಾದುಹೋಗಿದ್ದವು, ಒಂದೂ ಅವಳದಲ್ಲ. ಎಕ್ಸ್‌ಚೇಂಜು ಯಂತ್ರದ ಪಾಲಾದ ಮೇಲೆ, ಆ ದನಿಯ ಗುರುತಿದ್ದ ಟೈರ್ ಅಂಗಡಿಯವನು ಅವಳನ್ನು ಕ್ಲಬ್ಬಿಗೆ ಕರೆತಂದ. ಸ್ಪರ್ಧೆಯಲ್ಲೂ ಅದೇ ಕೆಲಸ. ಎಷ್ಟು ಹೆಚ್ಚು ಸ್ಟೇಷನ್ನುಗಳನ್ನು ಮಾತಾಡಿಸಿದರೆ ಅಷ್ಟು ಅಂಕ. ಹಾಗಾಗಿ ಮಾತು ಮಾತ್ರ ಆಡಬಾರದು. "ಫೈವ್ ನೈನ್" ಅಂದು ಮುಂದಿನವನಿಗೆ ಹೋಗಬೇಕು. ಐದು ಎಂದರೆ ಮಾತು ಸ್ಪಷ್ಟ, ಒಂಬತ್ತು ಎಂದರೆ ದನಿ ಜೋರು; ಇದಕ್ಕೆ ರಿಪೋರ್ಟ್ ಎನ್ನುತ್ತಾರೆ. ಬಾವಿಯೊಳಗಿನ ಸೊಳ್ಳೆಯಂತೆ ಕೇಳಿಸುವವನಿಗೂ ಫೈವ್ ನೈನೇ. ನಿಜ ಹೇಳುತ್ತಾ ಕೂತರೆ ಹೊತ್ತು ಹೋಗುತ್ತದೆ.

ಊರಿಗೆಲ್ಲ ಅವಳು ಅಕ್ಕ. ಅವಳು ಅಕ್ಕ ಎಂದು ಕರೆಯುವುದಕ್ಕೆ ಇದ್ದವಳು ಒಬ್ಬಳೇ, ಮನೆಯಲ್ಲಿ, ಕಿವಿಗೆ ಮಿಷನ್ ಸಿಕ್ಕಿಸಿಕೊಂಡು. ಕೆಲಸದಲ್ಲಿ ಪಿಸುಮಾತು, ಮನೆಗೆ ಬಂದರೆ ಕಿರುಚಾಟ. ಎಕ್ಸ್‌ಚೇಂಜಕ್ಕನ ಜೀವನ ಈ ಎರಡರ ನಡುವೆ ಕಳೆದಿತ್ತು. "ಕೇಳಿಸ್ಲಿಲ್ಲ ಕಣೇ, ಇನ್ನೊಂದ್ಸಲ ಹೇಳು," ಅನ್ನುವಳು ಅಕ್ಕ. ಫೈವ್ ನೈನ್ ಎಂಬ ಮರ್ಯಾದೆಯೆಲ್ಲ ಆ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಆ ಅಕ್ಕ ಸ್ಪರ್ಧೆಗೆ ಸ್ವಲ್ಪ ದಿನ ಮೊದಲು ತೀರಿಕೊಂಡಳು. ಎಕ್ಸ್‌ಚೇಂಜಕ್ಕ ಅಳಲಿಲ್ಲ. ಹೇಳಿದ ಕಡೆ ಸಹಿ ಹಾಕಿದಳು, ಹಾಸಿಗೆ ಮಡಚಿದಳು, ಬಂದವರಿಗೆ ನೀರು ಕೊಟ್ಟಳು. ಗಟ್ಟಿ ಹೆಂಗಸು ಎಂದರು ಜನ. ಗಟ್ಟಿತನವೇನೂ ಅಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಇಂಜೆಕ್ಷನ್ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಇರುತ್ತದೆ ಆದರೆ ನಮ್ಮದಲ್ಲ, ಹಾಗಿತ್ತು. ಹೋದ ವಾರವೂ ಅಂಗಡಿಗೆ ಹೋಗಿ ಕಿವಿಯ ಮಿಷನ್ನಿಗೆ ಬ್ಯಾಟರಿ ತಂದಿದ್ದಳು. ತಂದದ್ದು ತಪ್ಪೆಂದೂ ಅನಿಸಿರಲಿಲ್ಲ, ಸರಿಯೆಂದೂ ಅನಿಸಿರಲಿಲ್ಲ.

ಗಣಿತದ ಮೇಷ್ಟ್ರು ಎದ್ದು ಗೋಡೆಗೆ ನಕ್ಷೆ ಅಂಟಿಸಿದರು. ಯಾವ ಹೊತ್ತಿಗೆ ಎಷ್ಟು ಸಂಪರ್ಕ ಎಂದು ಬಣ್ಣದ ಕಂಬಗಳು, ಸಾಲಾಗಿ, ಹತ್ತಿರ ಹತ್ತಿರ. ನಡುವೆ ಒಂದು ಕಡೆ ಬಟಾಬಯಲು.

"ಇಲ್ಲಿ ನೋಡಿ," ಎಂದರು ಡಾಕ್ಟರು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ. "ಇಷ್ಟು ಚಂದದ ಸಾಲಲ್ಲಿ ಒಂದು ಹಲ್ಲೇ ಇಲ್ಲ! ಸಂಜೆ ಹೊತ್ತು, ಮುಕ್ಕಾಲು ಗಂಟೆ. ಏನ್ ಮೇಷ್ಟ್ರೇ, ಆ ಹೊತ್ತಲ್ಲಿ ಎಷ್ಟು ಸಂಪರ್ಕ?"

"ಒಂದು," ಎಂದರು ಮೇಷ್ಟ್ರು ತಮ್ಮದೇ ತಪ್ಪೆಂಬಂತೆ.

"ಒಂದು! ಯಾರು ಕೂತಿದ್ರು ಅಂತ ನಾನು ಕೇಳಲ್ಲ. ಸಭೆಯೇ ಬಾಯಿ ತೆರೀಲಿ."

ಎಲ್ಲರೂ ಫ್ಯಾನು ನೋಡಿದರು. ಟೈರ್ ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ಡಾಕ್ಟ್ರೇ, ಸೂರ್ಯನ ಮೇಲೆ ಹಾಕಿ ಮುಗಿಸೋಣ. ಪಾಪ, ಅವನಿಗೂ ಅಭ್ಯಾಸ ಆಗಿದೆ."

"ಆಗಲ್ಲ. ನೀವು ಎಲ್ಲಾ ರೆಕಾರ್ಡ್ ಮಾಡ್ತೀರಲ್ಲ, ಹಾಕಿ ಅದನ್ನ."

"ಅದು... ಸ್ವಲ್ಪ ಕರಕರ ಅನ್ನುತ್ತೆ."

"ಅನ್ಲಿ."

"ಮುಕ್ಕಾಲು ಗಂಟೆ ಯಾರು ಕೇಳ್ತಾರೆ ಡಾಕ್ಟ್ರೇ? ಇವತ್ತು ಭಾನುವಾರ, ಮನೇಲಿ ಬೈತಾರೆ."

"ನಿಮ್ಮನ್ನ ವಾರವೆಲ್ಲಾ ಬೈತಾರೆ. ಹಾಕ್ರೀ."

ಅವನು ಎಕ್ಸ್‌ಚೇಂಜಕ್ಕನ ಮುಖ ನೋಡಿದ. ಅವಳು ಹಾಕು ಎಂಬಂತೆ ತಲೆಯಾಡಿಸಿದಳು. ಆ ಸಂಜೆ ತಾನೇನು ಮಾತಾಡಿದೆನೆಂದು ಅವಳಿಗೂ ಸರಿಯಾಗಿ ನೆನಪಿರಲಿಲ್ಲ.

ಕಂಪ್ಯೂಟರಿನಿಂದ ಮೊದಲು ಬಂದದ್ದು ಅವಳ ದನಿ, ನುಣ್ಣಗೆ, ಇಸ್ತ್ರಿ ಮಾಡಿದ ಹಾಗೆ: ಫೈವ್ ನೈನ್, ಥ್ಯಾಂಕ್ಸ್, ಮುಂದೆ. ಫೈವ್ ನೈನ್, ಥ್ಯಾಂಕ್ಸ್, ಮುಂದೆ. ಆಮೇಲೆ ಒಂದು ಗಂಡು ದನಿ, ಬಹಳ ದೂರದಿಂದ. ಯಾವುದೋ ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುವವನಂತೆ. ಅಲ್ಲಿ ತನ್ನ ಭಾಷೆ ಕೇಳಿ ವರ್ಷಗಳಾದವನು.

"ಅಕ್ಕಾ, ಎಲ್ಲರೂ ಫೈವ್ ನೈನ್ ಅಂತಾನೇ ಅಂತಾರೆ. ಆಂಟೆನ್ನಾ ಇವತ್ತೇ ಕಟ್ಟಿದ್ದು. ನೀವಾದ್ರೂ ನಿಜ ಹೇಳಿ, ಹೇಗೆ ಕೇಳ್ತಿದೀನಿ?"

ಆಮೇಲೆ ಅವಳ ದನಿ. "ನಿಜ ಹೇಳ್ಲಾ? ಏನೂ ಚೆನ್ನಾಗಿಲ್ಲಪ್ಪ. ನೀರೊಳಗೆ ಕೂತು ಮಾತಾಡೋ ಹಾಗಿದೆ. ಆಂಟೆನ್ನಾ ಸ್ವಲ್ಪ ತಿರುಗ್ಸಿ ನೋಡು."

"ಇರಿ, ಏಣಿ ಹತ್ತಿ ಬರ್ತೀನಿ. ಹೋಗ್ಬಿಡ್ಬೇಡಿ."

"ಇರ್ತೀನಿ."

ಅವನು ಏಣಿ ಹತ್ತಿದ. ಸಭೆ ಕಾಯಿತು. ಅವನು ಇಳಿದು ಬಂದ, ಕೇಳಿದ, ಅವಳು ಇನ್ನೂ ಸರಿಯಿಲ್ಲವೆಂದಳು, ಅವನು ಮತ್ತೆ ಹತ್ತಿದ. ಮೊದಮೊದಲು ಡಾಕ್ಟರು ಪ್ರತಿ ಸಲಕ್ಕೂ ಮೇಷ್ಟ್ರ ಕಡೆ ತಿರುಗಿ, "ಇಲ್ಲಿ ಹತ್ತು ಸಂಪರ್ಕ ಹೋಯ್ತು, ಇಲ್ಲಿ ಇಪ್ಪತ್ತು," ಎನ್ನುತ್ತಿದ್ದರು. ಎಕ್ಸ್‌ಚೇಂಜಕ್ಕ ಅದನ್ನೆಲ್ಲ ಯಾರದೋ ಕರೆ ಎಂಬಂತೆ ಕೇಳುತ್ತಿದ್ದಳು. ಕೈ ತೆಗೆಯುವುದನ್ನು ಮರೆತ ಆಪರೇಟರಮ್ಮ ಯಾರಿರಬಹುದು ಎಂದೂ ಒಂದು ಕ್ಷಣ ಅನಿಸಿತು.

ಕಡೆಯ ಸಲ ಇಳಿದು ಬಂದ ಕ್ರೇನಿನವನ ದನಿ ಗಂಟೆಯಂತಿತ್ತು. ಏದುಸಿರಿನಲ್ಲೇ ನಗುತ್ತಿದ್ದ.

"ಪಾಪ, ನಿಮ್ಮನ್ನ ಬಹಳ ಕಾಯ್ಸಿದೆ. ಮನೇಲಿ ಯಾರಾದ್ರೂ ದಾರಿ ನೋಡ್ತಿರ್ತಾರೇನೋ?"

"ಅಕ್ಕ ಇದಾಳೆ," ಎಂದಿತು ಅವಳ ದನಿ, ತಡವರಿಸದೆ. "ಊಟ ಮಾಡದೆ ಕಾಯ್ತಾ ಇರ್ತಾಳೆ. ಹೋದ ತಕ್ಷಣ ಬೈಸ್ಕೋಬೇಕು."

"ಆ ಅಕ್ಕನಿಗೆ ನಾನು ಕೇಳಿದೆ ಅಂತ ಹೇಳಿ. ನಾನು ಪ್ರತಿ ಭಾನುವಾರ ಮಧ್ಯಾಹ್ನ ಇಲ್ಲೇ ಇರ್ತೀನಿ, ಹೇಳಿದ್ರೋ ಇಲ್ವೋ ಅಂತ ವಿಚಾರಿಸ್ತೀನಿ, ಹುಷಾರು!"

"ಹೇಳ್ತೀನಪ್ಪ."

ಟೈರ್ ಅಂಗಡಿಯವನು ಅಲ್ಲಿಗೆ ನಿಲ್ಲಿಸಿದ. ಮೇಷ್ಟ್ರು ನಕ್ಷೆಯ ಒಂದು ಮೂಲೆ ಕಿತ್ತುಬಂದಿರುವುದನ್ನು ಕಂಡು ಅದನ್ನು ಒತ್ತತೊಡಗಿದರು. ಅಕ್ಕ ತೀರಿಕೊಂಡಂದು ಎಲ್ಲರೂ ಆ ಮನೆಗೆ ಹೋಗಿ ಬಂದವರೇ. ಅವಳ ಅಕ್ಕನಿಗೆ ಎರಡು ಸಾಲು ಹಲ್ಲು ಕಟ್ಟಿಕೊಟ್ಟವರು ಡಾಕ್ಟರೇ. ಎಷ್ಟು ಕಿರುಚಿದರೂ ಕೇಳಿಸದ ಆಕೆಯ ಮುಂದೆ ಬಾಯಿ ತೆರೆಯಿರಿ ಎಂಬುದನ್ನು ತಾವೇ ಬಾಯಿ ತೆರೆದು ತೋರಿಸಿದವರು.

ಡಾಕ್ಟರು ಪೆನ್ನು ತೆಗೆದರು. "ಮೇಷ್ಟ್ರೇ, ಆ ಸಂಜೆ ವಾತಾವರಣ ಹೇಗಿತ್ತು? ಸೂರ್ಯ ಏನೋ ಸರಿಯಿರ್ಲಿಲ್ಲ ಅಂತ ಕಾಣುತ್ತೆ."

"ಇರ್ಲಿಲ್ಲ, ಇರ್ಲಿಲ್ಲ," ಎಂದರು ಮೇಷ್ಟ್ರು, ಜೀವಮಾನದಲ್ಲಿ ಮೊದಲ ಸಲ ಲೆಕ್ಕ ಹಾಕದೆ.

"ಸೂರ್ಯ ನೆಟ್ಟಗಿದ್ದ," ಎಂದಳು ಎಕ್ಸ್‌ಚೇಂಜಕ್ಕ. ದನಿಯಲ್ಲಿ ಏರಿಳಿತವಿಲ್ಲ. "ನನ್ನ ಹೆಸರಲ್ಲೇ ಬರೀರಿ ಡಾಕ್ಟ್ರೇ."

"ಅಯ್ಯೋ, ಬಿಡಿ ಅಕ್ಕಾ. ಮುಂದಿನ ವರ್ಷವೂ ಸಂಜೆ ನೀವೇ ಕೂತ್ಕೊಳ್ಳಿ. ನಾನು ಏನೋ ಯೋಚನೆ ಮಾಡಿದ್ದೆ, ಅದು ಬೇಡ."

"ನೀವು ಕೂತಿದ್ರೆ," ಎಂದ ಟೈರ್ ಅಂಗಡಿಯವನು, "ಒಬ್ಬೊಬ್ಬನಿಗೂ ನಿಮ್ಮ ಪರಿಚಯ ಹೇಳಿ ಮುಗಿಸೋ ಹೊತ್ತಿಗೆ ಸ್ಪರ್ಧೆನೇ ಮುಗೀತಿತ್ತು."

ಯಾರೂ ನಗಲಿಲ್ಲ. ಅವನಿಗೂ ನಗು ಬರಲಿಲ್ಲ.

"ಮುಂದಿನ ವರ್ಷ ಕೂರ್ತೀನೋ ಇಲ್ವೋ ಗೊತ್ತಿಲ್ಲ," ಎಂದಳು ಎಕ್ಸ್‌ಚೇಂಜಕ್ಕ. "ಆದ್ರೆ ಇವತ್ತು ಕೂರ್ಬೇಕು. ಅವನು ಕಾಯ್ತಿರ್ತಾನೆ. ಅವನಿಗೆ ತಪ್ಪು ರಿಪೋರ್ಟ್ ಕೊಟ್ಟಿದೀನಿ."

ಡಾಕ್ಟರು ಕುರ್ಚಿಯಿಂದ ಎದ್ದರು. ಎದ್ದವರು ಬಗ್ಗಿ, ಅವಳ ಎತ್ತರಕ್ಕೆ ಅದನ್ನು ಇಳಿಸಿದರು. ಕುರ್ಚಿ ತಾವು ಕೊಟ್ಟದ್ದೆಂದು ನೆನಪಿಸಲಿಲ್ಲ.

ಅವಳು ಹೆಡ್‌ಫೋನ್ ಕಿವಿಗೇರಿಸಿ ರೇಡಿಯೋದ ಬಿರಡೆ ತಿರುಗಿಸಿದಳು. ಕರೆದಳು. ಎರಡನೆಯ ಸಲಕ್ಕೆ ಅವನು ಬಂದ; ದಿನ ಚೆನ್ನಾಗಿರಲಿಲ್ಲ, ದನಿ ಅಲೆಯಂತೆ ಏಳುತ್ತಿತ್ತು, ಮುಳುಗುತ್ತಿತ್ತು.

"ಅಕ್ಕಾ! ಮನೆ ಅಕ್ಕನಿಗೆ ಹೇಳಿದ್ರಾ?"

"ಇಲ್ಲಪ್ಪ. ಅವಳಿಲ್ಲ. ನಿನಗೆ ತಪ್ಪು ಹೇಳ್ದೆ. ಅವಳು ತೀರ್ಕೊಂಡಳು."

ಕರಕರ. ಎಲ್ಲೋ ಹಡಗಿನ ಕೂಗು, ಅಥವಾ ಬರೀ ಆಕಾಶದ ಸದ್ದು.

"ಕೇಳಿಸ್ಲಿಲ್ಲ ಅಕ್ಕಾ. ಇನ್ನೊಂದ್ಸಲ ಹೇಳಿ."

ಎಕ್ಸ್‌ಚೇಂಜಕ್ಕ ಮೈಕನ್ನು ಬಾಯಿಗೆ ಹತ್ತಿರ ತಂದಳು. ಎಕ್ಸ್‌ಚೇಂಜಿನ ದನಿ ಸಾಕಾಗುತ್ತಿರಲಿಲ್ಲ. ಮನೆಯ ದನಿಯೇ ಬೇಕಿತ್ತು. ಅಡುಗೆಮನೆಯಿಂದ ಹೊರಗಿನ ಕೋಣೆಗೆ ಕೂಗುವ, ಒಂದೊಂದೇ ಅಕ್ಷರ ಬಿಡಿಸಿ ಕೊಡುವ ದನಿ. ಅವಳು ಕಿರುಚಿದಳು. ಫ್ಯಾನಿನ ಸದ್ದು ಮುಚ್ಚಿಹೋಯಿತು. ಕೆಳಗೆ ಅಂಗಡಿಯಲ್ಲಿ ಟೈರು ಬಡಿಯುತ್ತಿದ್ದವರು ನಿಲ್ಲಿಸಿದರು.

"ಅಕ್ಕ ಇಲ್ಲಾ! ನನ್ನಕ್ಕ ಸತ್ತೋದ್ಳು!"

ಅತ್ತಲಿಂದ ಸಣ್ಣಗೆ, "ಈಗ ಕೇಳಿಸ್ತು," ಎಂದಿತು ದನಿ.

"ಸರಿ," ಎಂದಳು ಅವಳು. ಕೈ ಅಭ್ಯಾಸಬಲದಿಂದ ಮಾತು ಮುಗಿಸುವ ಗುಂಡಿಯ ಕಡೆಗೆ ಹೋಯಿತು, ಅಲ್ಲೇ ನಿಂತಿತು. ಕೆನ್ನೆ ಇನ್ನೂ ಮರಗಟ್ಟಿಯೇ ಇತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಅವನು ಮುಂದೇನು ಹೇಳುವನೋ ಎಂದು ಕೇಳುತ್ತಾ ಕುಳಿತಳು.